ಬಟ್ಟಲು ಮುಗಿಯುವವರೆಗೆ

"ಹೂಂ, ಒಪ್ಪಿಗೆ," ಎಂದು ಮೂವರೂ ಒಂದೇ ಉಸಿರಿಗೆ ಹೇಳಿಬಿಟ್ಟರು. ತಮಾಷೆಯೆಂದರೆ, ಲೋರ್ನಾ ಇನ್ನೂ ಏನನ್ನೂ ಹೇಳಿರಲಿಲ್ಲ. ಹೇಳಲೆಂದು ಬಾಯಿ ತೆರೆದಿದ್ದಳು, ಅಷ್ಟೆ.

ಆ ಬಾಯಿಯ ಪ್ರತಾಪವೇ ಅಂಥದ್ದು. ವಿಸ್ಕಾನ್ಸಿನ್‌ನ ಆ ಮೂಲೆಯಲ್ಲಿ ಅವಳು ಗಂಟಲು ಸರಿಮಾಡಿಕೊಂಡರೆ ಮಿಶಿಗನ್ ಸರೋವರದ ಆಚೆ ದಡದ ಹಸುಗಳು ಹಾಲು ಇಳಿಸುತ್ತಿದ್ದವು. ಅಜ್ಜ ಕಟ್ಟಿದ ಚೀಸ್ ಕಾರ್ಖಾನೆಯನ್ನು ಅವಳು ಇಷ್ಟು ವರ್ಷ ನಡೆಸಿದ್ದು ಆ ಬಾಯಿಂದಲೇ. ಅಲ್ಲಿ ಸಭೆಯೆಂದರೆ ಅವಳು ಹೇಳುವುದು, ಉಳಿದವರು ತಲೆಯಾಡಿಸುವುದು. ಆಡಿಸಿ ಆಡಿಸಿ ಅವರ ಕತ್ತುಗಳು ಎಷ್ಟು ಗಟ್ಟಿಯಾಗಿದ್ದವೆಂದರೆ, ಗೂಳಿಯಂಥ ಕತ್ತಿನ ಫುಟ್‌ಬಾಲ್ ತಂಡದವರೇ ಬಂದು ನೋಡಿ ಹೊಟ್ಟೆಕಿಚ್ಚುಪಟ್ಟು ಹೋಗಿದ್ದರು.

"ನಾನಿನ್ನೂ ಬಾಯೇ ಬಿಟ್ಟಿಲ್ವಲ್ರೋ!"

"ಹೇಗಿದ್ರೂ ಬಿಡ್ತೀಯಲ್ಲ ಅಕ್ಕ. ಸುಮ್ನೆ ಯಾಕೆ ಹೊತ್ತು ಕಳೆಯೋದು ಅಂತ," ಎಂದ ತಮ್ಮ ಮೆರ್ಲಿನ್. ಸರಕಿನ ಲಾರಿ ಓಡಿಸುವವನು ಅವನೇ.

ಚಿಕಾಗೋದ ದೊಡ್ಡ ಅಂಗಡಿಯವರು ಇವರ ಚೀಸ್ ಬೇಕೆಂದಿದ್ದರು. ಮಧ್ಯಾಹ್ನದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಹೂಂ ಎಂದರೆ ಹಾಲು ಹೆಪ್ಪುಗಟ್ಟಿಸಲು ಎರಡನೆಯ ತೊಟ್ಟಿ ಬೇಕು. ತೊಟ್ಟಿಗೆ ಬ್ಯಾಂಕಿನ ಸಾಲ, ಸಾಲಕ್ಕೆ ಅಜ್ಜನ ಕಾರ್ಖಾನೆಯೇ ಅಡಮಾನ. ಲೆಕ್ಕ ತಪ್ಪಿದರೆ ಕಾರ್ಖಾನೆ ಬ್ಯಾಂಕಿನದು. ಲೋರ್ನಾ ಹೂಂ ಎನ್ನುವವಳೇ ಇದ್ದಳು. ಆದರೆ ಆ ಅವಸರದ ಒಪ್ಪಿಗೆ ಅವಳೊಳಗೆ ಒಂದು ತುರಿಕೆ ಎಬ್ಬಿಸಿತು. ಇಷ್ಟು ವರ್ಷ ಈ ತಲೆಗಳ ಮೇಲಿನ ಟೋಪಿಗಳನ್ನು ನೋಡಿದ್ದಳೇ ಹೊರತು ಒಳಗೇನಿದೆಯೆಂದು ಇಣುಕಿರಲಿಲ್ಲ.

ಆ ಬೆಳಿಗ್ಗೆ ತೊಟ್ಟಿಯಿಂದ ತೆಗೆದ ಹಸಿ ಚೀಸ್ ತುಂಡುಗಳ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇದು ಮುಗಿಯೋವರೆಗೂ ನಾನು ಮಾತಾಡಲ್ಲ. ನೀವು ಮಾತಾಡಿ," ಎಂದವಳೇ ಒಂದು ಹಿಡಿ ಬಾಯಿಗೆ ತುಂಬಿಕೊಂಡಳು.

ಕೀಚ್, ಕೀಚ್. ಅಂದಂದಿನ ಚೀಸ್ ಹಲ್ಲಿನ ನಡುವೆ ಸಿಕ್ಕರೆ ಹಾಗೆಯೇ ಕೂಗುತ್ತದೆ, ಮರುದಿನಕ್ಕೆ ಮೂಕವಾಗುತ್ತದೆ.

"ಹಿಮ ಜಾಸ್ತಿ ಈ ಸಲ," ಎಂದ ಮೆರ್ಲಿನ್.

"ಜಾಸ್ತಿನೇ," ಎಂದಳು ಕಾರ್ಖಾನೆಯ ಅಂಗಡಿ ನೋಡಿಕೊಳ್ಳುವ ಬೆಸ್ಸಿ.

"ಹೋದ್ಸಲಕ್ಕಿಂತ ಜಾಸ್ತಿ," ಎಂದ ಚೀಸ್ ಮಾಡುವ ಗೋರ್ಡಿ.

ಆ ಊರಲ್ಲಿ ಹಿಮ ಮುಗಿದರೆ ಮಾತೇ ಮುಗಿದಂತೆ. ಕೀಚ್, ಕೀಚ್. ಕೊನೆಗೆ ಮೆರ್ಲಿನ್ ತಡೆಯಲಾರದೆ, "ಚಿಕಾಗೋ ಮುಟ್ಟೋ ಹೊತ್ತಿಗೆ ಈ ಕೂಗು ಇರಲ್ಲ, ನಿಜ. ಆದ್ರೆ ಅಲ್ಲಿಯೋರು ಎಣ್ಣೇಲಿ ಕರಿದು ತಿಂತಾರೆ. ಅವರಿಗೆ ಕೂಗು ಕಟ್ಕೊಂಡು ಏನಾಗ್ಬೇಕು?" ಎಂದ.

ಲೋರ್ನಾಳ ಕಣ್ಣು ಅಜ್ಜನ ಗೋರಿ ಬಿರಿಯುವಷ್ಟು ದೊಡ್ಡದಾಯಿತು. ಉತ್ತರ ನಾಲಗೆಯ ತುದಿಗೆ ಬಂದಿತ್ತು. ಇನ್ನೊಂದು ಹಿಡಿ ತುರುಕಿ ಅದನ್ನು ಒಳಕ್ಕೆ ತಳ್ಳಿದಳು.

"ಎರಡನೇ ತೊಟ್ಟಿ ಹತ್ರ ಯಾರು ನಿಲ್ಲೋದು?" ಎಂದ ಗೋರ್ಡಿ, ಮೇಜನ್ನು ನೋಡುತ್ತ.

"ಇನ್ಯಾರು, ನೀವೇ! ಚೀಸ್ ಮಾಡೋ ಲೈಸೆನ್ಸ್ ಇರೋದು ನಿಮಗೊಬ್ಬರಿಗೆ ತಾನೇ," ಎಂದಳು ಬೆಸ್ಸಿ.

"ನಾನು ಏಪ್ರಿಲ್‌ಗೆ ಕೆಲಸ ಬಿಡ್ತಾ ಇದೀನಿ. ಎರಡೂ ಭುಜ ಹೋಗಿವೆ."

ಕೀಚ್ ನಿಂತಿತು.

"ಹಂಗ್ ನೋಡ್ಬೇಡ ಲೋರ್ನಾ," ಎಂದ ಗೋರ್ಡಿ. ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವನು. "ಹೇಳೋಣ ಅಂತಾನೇ ಕ್ರಿಸ್‌ಮಸ್‌ಗೆ ಮುಂಚೆ ಬಂದಿದ್ದೆ. ಟೋಪಿ ತೆಗೆದು ನಿಂತೆ. 'ಹೊಸ ತೊಟ್ಟಿ ತರ್ತಿದೀನಿ ಗೋರ್ಡಿ, ಎಲ್ಲಾ ನಿನ್ನ ಹೆಗಲ ಮೇಲೇ' ಅಂದೆ ನೀನು."

"ನೀವೇನಂದ್ರಿ?" ಎಂದಳು ಬೆಸ್ಸಿ.

"ಎಲ್ಲಿ ಇಡೋಣ ಅಂದೆ."

ಮೆರ್ಲಿನ್‌ಗೆ ನಗು ಬಂತು. ಅಕ್ಕನ ಮುಖ ನೋಡಿ ಅದನ್ನು ಕೆಮ್ಮಿಗೆ ತಿರುಗಿಸಿದ.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಚಿಕಾಗೋದವರೇ. ಕರುವೊಂದಕ್ಕೆ ಎರಡು ಹೊತ್ತಿಗಾಗುವಷ್ಟನ್ನು ಲೋರ್ನಾ ಒಂದೇ ಗುಟುಕಿಗೆ ನುಂಗಿ ಎತ್ತಿಕೊಂಡಳು.

"ಇವತ್ತು ಆಗಲ್ಲ ಸ್ವಾಮಿ... ಬೇರೆ ಕಾರ್ಖಾನೆ ನೋಡ್ಕೋತೀರಾ? ನೋಡ್ಕೊಳ್ಳಿ. ಇಲ್ಲಿ ಮಾತು ಈಗ ತಾನೇ ಶುರುವಾಗಿದೆ."

"ಅಕ್ಕಾ! ಅದು ಚಿಕಾಗೋ!" ಎಂದು ಮೆರ್ಲಿನ್ ಎದ್ದೇ ನಿಂತ.

ಅವಳು ಕೈಯಲ್ಲೇ ಕೂರು ಎಂದಳು. ಗೋರ್ಡಿಯ ಭುಜಗಳನ್ನು ಒಮ್ಮೆ ನೋಡಿದಳು. ಎಡಗಡೆಯದು ಬಲಕ್ಕಿಂತ ಕೆಳಗಿತ್ತು, ಯಾವಾಗಿನಿಂದಲೋ. ಆಮೇಲೆ ಬೆಸ್ಸಿಯ ಕಡೆ ತಿರುಗಿದಳು. ಬೆಸ್ಸಿ ಆಗಿನಿಂದ ಏಪ್ರನ್ನಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

"ನಾನಾ? ಅಯ್ಯೋ, ನಂದೇನೂ ಇಲ್ಲ ಲೋರ್ನಾ. ನೀವು ಹೇಳಿದ ಹಾಗೆ."

ಲೋರ್ನಾ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದು ಕೂತಳು. ಬಟ್ಟಲಿಗೆ ಕೈಹಾಕಿ ಇನ್ನೊಂದು ಹಿಡಿ ಬಾಯಿಗೆ ತುಂಬಿಕೊಂಡಳು. ಕಿಟಕಿಯಾಚೆ ಮತ್ತೆ ಹಿಮ ಬೀಳತೊಡಗಿತ್ತು. ಅದರ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಕೀಚ್, ಕೀಚ್. ಬೆಸ್ಸಿ ಬಟ್ಟಲಿನ ತಳವನ್ನೊಮ್ಮೆ, ಲೋರ್ನಾಳ ಮುಖವನ್ನೊಮ್ಮೆ ನೋಡಿ, ಏಪ್ರನ್ನಿನ ತುದಿಯನ್ನು ಬಿಟ್ಟು ಬಾಯಿ ತೆರೆದಳು.