ಮರುಳಪ್ಪನ ಪೆನ್ಸಿಲು

ಬೇಲೂರಿನ ಫೋಟೋ ಮರುಳಪ್ಪನಿಗೆ ಅಂಗಡಿ ಇರಲಿಲ್ಲ, ಬೋರ್ಡೂ ಇರಲಿಲ್ಲ. ಇದ್ದದ್ದು ಒಂದು ಸೈಕಲ್ಲು, ಅದರ ಕ್ಯಾರಿಯರಿಗೆ ಹಗ್ಗದಿಂದ ಬಿಗಿದ ಕ್ಯಾಮೆರಾ ಪೆಟ್ಟಿಗೆ, ಮತ್ತೆ ನಾಲ್ಕು ಜನ ಸೇರಿದ ಕಡೆಗೆ ಕರೆಯದಿದ್ದರೂ ಹೋಗಿ ನಿಲ್ಲುವ ಧೈರ್ಯ. ಬೆಳಿಗ್ಗೆ ದೇವಸ್ಥಾನದ ಮುಂದೆ ಪ್ರವಾಸಿಗಳು, ಮಧ್ಯಾಹ್ನ ಅರೇಹಳ್ಳಿ ಕಡೆಯ ಯಾವುದೋ ಮದುವೆ, ಮಾರನೆಯ ದಿನ ಹಳೇಬೀಡಿನ ಸ್ಕೂಲಿನ ಮೇಷ್ಟರೂ ಮಕ್ಕಳೂ. ಅರಸೀಕೆರೆ ಜಂಕ್ಷನ್ನಿನಲ್ಲಿ ಯಾರಾದರೂ ಮಂತ್ರಿ ರೈಲಿಳಿದು ಹಾರ ಹಾಕಿಸಿಕೊಂಡರೆ ಅಲ್ಲೂ ಇವನೇ. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದ ಅವನ ಅಪ್ಪ ಕೆಂಚಪ್ಪ, "ನಮ್ಮುಡುಗ ಊರವರ ಮಕ ನೋಡ್ಕಂಡು ಬದುಕ್ತಾವ್ನೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅದು ಬೈಗುಳವೋ ಹೊಗಳಿಕೆಯೋ ಮಗನಿಗೆ ಕಡೆಗೂ ಗೊತ್ತಾಗಲಿಲ್ಲ.

ಆದರೆ ಜನ ಮರುಳಪ್ಪನನ್ನು ಹುಡುಕಿಕೊಂಡು ಬರುತ್ತಿದ್ದುದು ಕ್ಯಾಮೆರಾಕ್ಕಾಗಿ ಅಲ್ಲ, ಪೆನ್ಸಿಲಿಗಾಗಿ. ಫಿಲಂ ತೊಳೆದಾಗ ಮೊದಲು ಸಿಗುವ ನೆಗೆಟಿವ್‌ನಲ್ಲಿ ಎಲ್ಲ ತಲೆಕೆಳಗು, ಕಪ್ಪು ಬಿಳಿಯಾಗಿರುತ್ತದೆ, ಬಿಳಿ ಕಪ್ಪಾಗಿರುತ್ತದೆ. ಮುಖದ ಮೇಲಿನ ಸಿಡುಬಿನ ಕುಳಿ ಅಲ್ಲಿ ಒಂದು ಬಿಳಿ ಚುಕ್ಕಿ. ಮರುಳಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಚುಕ್ಕಿಗಳನ್ನೆಲ್ಲ ಒಂದೊಂದಾಗಿ ತುಂಬಿಬಿಡುತ್ತಿದ್ದ. ಆಮೇಲೆ ಕಾಗದದ ಮೇಲೆ ಇಳಿಸಿದರೆ ಮುಖ ಬೆಣ್ಣೆಯ ಹಾಗೆ ನುಣ್ಣಗೆ. ಆ ಕಾಲದಲ್ಲಿ ಸಿಡುಬು ಮುಟ್ಟದ ಮುಖ ಬೀದಿಗೆ ಎಷ್ಟಿದ್ದವು ಹೇಳಿ! ಹೆಣ್ಣಿನ ಫೋಟೋ ಅಂಚೆಯಲ್ಲಿ ಕಳಿಸಿ ಸಂಬಂಧ ಕೇಳುವ ರೂಢಿ ಆಗಷ್ಟೇ ನಮ್ಮ ಕಡೆ ಕಾಲಿಟ್ಟಿತ್ತು. ಹೆಣ್ಣು ಹೆತ್ತವರು ಮರುಳಪ್ಪನ ಪೆನ್ಸಿಲಿಗೆ ಕೈಮುಗಿಯುವುದೊಂದು ಬಾಕಿ.

ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿಯ ಮಾಘ ಮಾಸದ ಒಂದು ಶುಕ್ರವಾರ ಸಂಜೆ ತಾಲ್ಲೂಕು ಕಚೇರಿಯ ಗುಮಾಸ್ತೆ ಗೋಪಾಲಸ್ವಾಮಿಗಳು ದಾರಿಯಲ್ಲೇ ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದರು. ಕರೆದುಕೊಂಡು ಹೋಗಿ ಮನೆಯ ಜಗಲಿಯ ಮೇಲೆ ಕೂರಿಸಿದರು. ಮುಖದ ತುಂಬ ನಗು.

"ಮರುಳಪ್ಪ, ನಿನ್ನ ಕೈಗುಣ ಕಣಯ್ಯ. ಹೋದ ತಿಂಗಳು ನಮ್ಮ ಯದುಗಿರೀದು ಫೋಟೋ ತೆಗೆದುಕೊಟ್ಯಲ್ಲ, ತುಮಕೂರಿನವರು ಒಪ್ಪಿದಾರೆ. ಹುಡುಗ ಹೈಸ್ಕೂಲಿನಲ್ಲಿ ಮೇಷ್ಟ್ರು. ಭಾನುವಾರ ಹೆಣ್ಣು ನೋಡೋಕೆ ಬರ್ತಿದಾರೆ."

"ಒಳ್ಳೇದಾತು ಸ್ವಾಮಿ."

"ಅರಸೀಕೆರೆಗೆ ಹತ್ತು ಗಂಟೆ ರೈಲಿಗೆ ಇಳೀತಾರೆ. ನನಗೆ ಇಲ್ಲಿ ನೂರೆಂಟು ಕೆಲಸ. ನಿನಗೆ ಆ ಸ್ಟೇಷನ್ನು ಅಂಗೈ ಇದ್ದ ಹಾಗೆ. ನೀನೇ ಹೋಗಿ ಎದುರುಗೊಂಡು ಬೇಲೂರು ಬಸ್ಸಿಗೆ ಹತ್ತಿಸಿಕೊಂಡು ಬಾ. ಕ್ಯಾಮೆರಾನೂ ಇರಲಿ."

ಅಷ್ಟರಲ್ಲಿ ಅವರ ಮಗಳು ಯದುಗಿರಿ ಕಾಫಿ ತಂದಳು. ಲೋಟ ಇಡಲು ಬಗ್ಗಿದಾಗ ಪಡುವಣ ಬಿಸಿಲು ಅವಳ ಮುಖದ ಮೇಲೆ ಬಿತ್ತು. ಮರುಳಪ್ಪನ ಕೈ ಲೋಟದ ಹತ್ತಿರವೇ ನಿಂತುಹೋಯಿತು.

ಎಡ ಹುಬ್ಬಿನಿಂದ ಹಣೆಯ ಕೂದಲಿನವರೆಗೆ ಒಂದು ಗಾಯದ ಗೆರೆ. ಎಂಟು ವರ್ಷದವಳಿದ್ದಾಗ ಕಲ್ಯಾಣಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಐದು ಹೊಲಿಗೆ ಹಾಕಿಸಿಕೊಂಡದ್ದು. ಊರಿಗೆಲ್ಲ ಗೊತ್ತಿರುವ ಗೆರೆ. ಫೋಟೋದಲ್ಲಿ ಅದು ಇರಲಿಲ್ಲ. ಯಾಕೆ ಇರಲಿಲ್ಲವೆಂದರೆ ಮರುಳಪ್ಪನೇ ಅದನ್ನು ತುಂಬಿ ಹಾಕಿದ್ದ. ಬೇಕೆಂದು ಮಾಡಿದ್ದಲ್ಲ. ಅವತ್ತು ಹನ್ನೆರಡು ನೆಗೆಟಿವ್ ಸಾಲಾಗಿ ಇಟ್ಟುಕೊಂಡು ಕೂತಿದ್ದ. ಬಿಳಿ ಕಂಡಲ್ಲೆಲ್ಲ ಪೆನ್ಸಿಲು ಓಡಿತ್ತು. ಯಾರ ಮುಖ, ಯಾರ ಹಣೆ ಎಂದು ನೋಡಿದವನಾರು? ಕಳೆ ಕೀಳುವ ಕೈ ಪೈರಿನ ಹೆಸರು ಕೇಳುತ್ತದೆಯೇ!

"ಸ್ವಾಮಿ, ಆ ಫೋಟೋ..." ಎಂದ ಮರುಳಪ್ಪ. "ನೀವು ಸರಿಯಾಗಿ ನೋಡಿದ್ರಾ?"

"ನೋಡದೆ ಏನಯ್ಯ? ಹುಡುಗಿ ಹೇಗಿದಾಳೋ ಹಾಗೇ ಬಂದಿದೆ. ಒಂಚೂರೂ ಹೆಚ್ಚಿಲ್ಲ, ಕಮ್ಮಿ ಇಲ್ಲ."

ಮರುಳಪ್ಪ ಅವರ ಮುಖವನ್ನೇ ನೋಡಿದ. ಅವರು ಸುಳ್ಳು ಹೇಳುತ್ತಿರಲಿಲ್ಲ. ಹತ್ತು ವರ್ಷ ಆ ಹಣೆಯನ್ನು ನೋಡಿ ನೋಡಿ ಆ ಮನೆಯವರಿಗೆ ಗೆರೆ ಕಾಣುವುದೇ ನಿಂತುಹೋಗಿತ್ತು. ಇದ್ದದ್ದೇ ಕಾಣದವರಿಗೆ ಇಲ್ಲದ್ದು ಹೇಗೆ ಕಂಡೀತು! ಯದುಗಿರಿ ಮಾತ್ರ ಬಾಗಿಲ ಹತ್ತಿರ ಒಂದು ಗಳಿಗೆ ನಿಂತು, ಅವನನ್ನು ನೇರವಾಗಿ ನೋಡಿ, ಒಳಗೆ ಹೋದಳು. ಆ ನೋಟ ಮರುಳಪ್ಪನ ಎದೆಗೆ ಚುಚ್ಚಿತು. ಅವಳಿಗೆ ಗೊತ್ತಿದೆ.

ಕಾಫಿ ಕುಡಿದ ಶಾಸ್ತ್ರ ಮಾಡಿ ಎದ್ದು ಬಂದ. ಹಿಂದಿನ ವರ್ಷ ಹಾಸನದ ಕಡೆಯ ಗಂಡೊಂದು ಹೀಗೇ ನೋಡಲು ಬಂದಿತ್ತು. ಫೋಟೋ ಗೀಟೋ ಏನೂ ಇಲ್ಲದೆ ಬಂದವರು. ಹುಡುಗಿಯ ಹಣೆ ನೋಡುತ್ತಲೇ ಎದ್ದರು, ತಟ್ಟೆಯಲ್ಲಿಟ್ಟ ಉಪ್ಪಿಟ್ಟನ್ನು ಮುಟ್ಟಲೂ ಇಲ್ಲ. ಬಂದ ಗಂಡು ಬೆನ್ನು ತಿರುಗಿಸಿದ್ದು ಬೀದಿಯೆಲ್ಲ ಗೊತ್ತಾಗಿ, ಯದುಗಿರಿ ಒಂದು ತಿಂಗಳು ಬಾವಿಕಟ್ಟೆಗೂ ಬಂದಿರಲಿಲ್ಲ. ಈಗ ಬರುವವರು ಬರಿಯ ಬೆನ್ನು ತಿರುಗಿಸಿ ಹೋಗುವುದಿಲ್ಲ. ಕೈಯಲ್ಲಿ ಫೋಟೋ ಹಿಡಿದುಕೊಂಡು, ಮೋಸ ಎಂದೇ ಬಾಯಿ ಬಿಡುತ್ತಾರೆ. ಕಚೇರಿಯಲ್ಲಿ ಯಾರಿಂದಲೂ ಒಂದು ಬಾಳೆಹಣ್ಣು ಮುಟ್ಟದ ಗೋಪಾಲಸ್ವಾಮಿಗಳು ಮೋಸಗಾರರಾಗುತ್ತಾರೆ. ಎಲ್ಲ ತನ್ನ ಪೆನ್ಸಿಲಿನಿಂದ. ಮರುಳಪ್ಪನಿಗೆ ತನ್ನ ಮೇಲೆ ಬಂದ ಸಿಟ್ಟಿಗೆ ದಾರಿಯಲ್ಲಿ ಸೈಕಲ್ಲಿಗೆ ಎರಡು ಒದೆ ಬಿತ್ತು.

ಶನಿವಾರವಿಡೀ ಯೋಚಿಸಿ ಒಂದು ದಾರಿ ಕಂಡುಕೊಂಡ. ಹತ್ತಿಗೆ ಟರ್ಪೆಂಟೈನ್ ಅದ್ದಿ ನೆಗೆಟಿವ್ ಮೇಲಿನ ಪೆನ್ಸಿಲನ್ನು ಒರೆಸಿ ಹಾಕಿದ. ಹೊಸದಾಗಿ ಒಂದು ಪ್ರತಿ ಇಳಿಸಿದ. ಗೆರೆ ಮೂಡಿ ಬಂತು. ಇದನ್ನು ಅರಸೀಕೆರೆ ಸ್ಟೇಷನ್ನಿನಲ್ಲೇ ಅವರ ಕೈಗಿಡುವುದು. ತಪ್ಪು ನನ್ನದು ಎನ್ನುವುದು. ಬೇಡವೆಂದರೆ ಅಲ್ಲಿಂದಲೇ ಬಂದ ದಾರಿಗೆ ರೈಲು ಹತ್ತಿಸುವುದು. ಅವರು ಬೇಲೂರಿಗೇ ಬರದಿದ್ದರೆ ಬೀದಿಗೆ ಗೊತ್ತಾಗುವುದಿಲ್ಲ, ಮನೆಯಲ್ಲಿ ಯಾರಿಗೋ ಹುಷಾರಿಲ್ಲವಂತೆ ಎಂದರಾಯಿತು. ಗೋಪಾಲಸ್ವಾಮಿಗಳ ಬೈಗುಳವನ್ನು ತಾನು ತಿಂದರೆ ಮುಗಿಯಿತು.

ಭಾನುವಾರ ರೈಲು ಬಂತು. ಇಳಿದವರು ಮೂವರು. ಮುಂದೆ ಶ್ರೀರಂಗಮ್ಮ, ಹುಡುಗನ ತಾಯಿ. ಐವತ್ತು ದಾಟಿದ, ಮಾತಿಗೆ ಮೊದಲು ಕಣ್ಣಿನಲ್ಲೇ ಅಳೆದುಬಿಡುವ ಹೆಂಗಸು. ಹಿಂದೆ ಅವರ ಯಜಮಾನರು, ನಿಂತಲ್ಲೇ ತೂಕಡಿಸುವ ಸಾಧು. ಕೊನೆಗೆ ಹುಡುಗ ಸಂಪತ್ಕುಮಾರ್, ಕೈಯಲ್ಲಿ ಹಣ್ಣಿನ ಬುಟ್ಟಿ.

ಮರುಳಪ್ಪ ಕೈಮುಗಿದ. ಜೇಬಿನಲ್ಲಿದ್ದ ಕವರನ್ನು ಮುಟ್ಟಿಕೊಂಡ. "ಅಮ್ಮನೋರೇ, ಒಂದು ಮಾತೈತೆ" ಎಂದ.

"ಬಸ್ಸು ಎಷ್ಟು ಹೊತ್ತಿಗಪ್ಪಾ?"

"ಬಸ್ಸಾ... ಈಗ್ಲೇ ಹೊರಡ್ತೈತೆ."

"ಹಾಗಾದರೆ ಮಾತು ಬಸ್ಸಿನಲ್ಲಾಗಲಿ, ನಡಿ."

ಬಸ್ಸಿನಲ್ಲಿ ಮಾತು ಎಲ್ಲಿಂದ ಬರಬೇಕು! ಆ ಬಸ್ಸಿನ ಸದ್ದಿಗೆ ಎದುರಿಗಿದ್ದವರ ತುಟಿ ಅಲ್ಲಾಡುವುದು ಕಾಣುತ್ತಿತ್ತೇ ಹೊರತು ಏನೂ ಕೇಳಿಸುತ್ತಿರಲಿಲ್ಲ. ಜಾವಗಲ್ಲಿನಲ್ಲಿ ಒಂದು ಸಲ ಬಾಯಿ ತೆರೆದ. ಅಷ್ಟರಲ್ಲಿ ಯಾರೋ ಎರಡು ಕೋಳಿಯೊಂದಿಗೆ ಮಧ್ಯೆ ಬಂದು ನಿಂತರು. ಮರುಳಪ್ಪ ಕಿಟಕಿಯಾಚೆಯ ಮೈಲಿಗಲ್ಲುಗಳನ್ನು ಎಣಿಸುತ್ತಿದ್ದ. ಊರು ಹತ್ತಿರವಾಗುತ್ತಿದೆ, ತಾನು ಇನ್ನೂ ಬಾಯಿ ಬಿಟ್ಟಿಲ್ಲ. ಪುಕ್ಕಲ ಎಂದು ತನ್ನನ್ನೇ ಬೈದುಕೊಂಡ.

ಹಳೇಬೀಡಿನಲ್ಲಿ ಡ್ರೈವರ್ ಇಂಜಿನ್ನಿಗೆ ನೀರು ಹಾಕಬೇಕೆಂದು ಬಸ್ಸು ನಿಲ್ಲಿಸಿದ. ಕ್ಲೀನರ್ ಡಬ್ಬ ಹಿಡಿದು ಕೆರೆಯ ಕಡೆ ನಡೆದ. ಯಜಮಾನರು ನಿದ್ದೆಯಲ್ಲಿದ್ದರು, ಹುಡುಗ ಕಾಫಿ ತರಲು ಇಳಿದ. ಶ್ರೀರಂಗಮ್ಮ ಮರದ ನೆರಳಿಗೆ ಬಂದು ನಿಂತರು. ಇನ್ನು ಹತ್ತು ಮೈಲಿಗೆ ಬೇಲೂರು. ಮರುಳಪ್ಪ ಕಣ್ಣುಮುಚ್ಚಿ ನೀರಿಗೆ ಹಾರುವವನಂತೆ ಕವರು ತೆಗೆದು ಅವರ ಮುಂದೆ ಹಿಡಿದ.

"ಅಮ್ಮನೋರೇ, ನಿಮಗೆ ಬಂದ ಫೋಟೋ ಸರಿ ಇಲ್ಲ. ಇದು ಸರಿಯಾದ್ದು. ಹುಡುಗಿ ಹಣೇಲಿ ಗಾಯದ ಗುರುತೈತೆ. ನಾನೇ ಪೆನ್ಸಿಲಲ್ಲಿ ಅಳಿಸಿಬುಟ್ಟೆ. ಆ ಮನೆಯೋರಿಗೆ ಇದು ಗೊತ್ತಿಲ್ಲ, ದೇವರಾಣೆಗೂ ಗೊತ್ತಿಲ್ಲ. ಬೈಯಂಗಿದ್ರೆ ನನ್ನ ಬೈರಿ. ಬ್ಯಾಡ ಅಂದ್ರೆ ಇಲ್ಲಿಂದ್ಲೇ ವಾಪಸ್ ಬಸ್ಸು ಹತ್ತಿಸ್ತೀನಿ. ಅಲ್ಲಿಗೆ ಬಂದು ಮಾತ್ರ ಆ ಹುಡುಗಿ ಮುಂದೆ ಎದ್ದು ಹೋಗ್ಬ್ಯಾಡಿ."

ಶ್ರೀರಂಗಮ್ಮ ಫೋಟೋ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಮರುಳಪ್ಪನಿಗೆ ಕೆರೆಯ ನೀರು, ಮರ, ಬಸ್ಸು ಎಲ್ಲ ದೂರದಲ್ಲಿದ್ದ ಹಾಗೆ ಕಂಡವು. ಅವರು ತಲೆಯೆತ್ತಿ, "ಹಾಗಾದರೆ ಆ ಫೋಟೋದವನು ನೀನೇನಾ?" ಎಂದರು.

"ನಾನೇ ತಾಯಿ."

"ಹದಿನೈದು ದಿನದಿಂದ ನಿನ್ನನ್ನ ನೋಡಬೇಕು ಅಂತಿದ್ದೆ." ಅವರು ತಮ್ಮ ಚೀಲಕ್ಕೆ ಕೈಹಾಕಿ ಹಳೆಯ ಫೋಟೋ ತೆಗೆದರು. ಅದನ್ನು ತಿರುವಿ ಹಿಂಬದಿಯನ್ನು ಅವನ ಕಣ್ಣಿಗೆ ಹಿಡಿದರು. "ಓದು."

ಹಿಂದೆ ದುಂಡಾದ ಪುಟ್ಟ ಅಕ್ಷರ. ಪೆನ್ಸಿಲಿನದೇ ಬರಹ.

*ಹಿರಿಯರಿಗೆ ನಮಸ್ಕಾರಗಳು. ನನ್ನ ಎಡ ಹುಬ್ಬಿನ ಮೇಲೆ ಕೂದಲಿನವರೆಗೂ ಒಂದು ಗಾಯದ ಗುರುತು ಇದೆ. ಫೋಟೋದಲ್ಲಿ ಅದು ಬಿದ್ದಿಲ್ಲ. ತಿಳಿದು ಬರುವುದಾದರೆ ಬರಬೇಕು. ಯದುಗಿರಿ.*

ಮರುಳಪ್ಪ ಎರಡು ಸಲ ಓದಿದ. ಅಪ್ಪ ಕವರಿಗೆ ವಿಳಾಸ ಬರೆಯುವಾಗ, ಅಂಟಿಸಿ ಕೊಡುತ್ತೇನೆಂದು ಒಳಗೆ ತೆಗೆದುಕೊಂಡು ಹೋಗಿ ಬರೆದಿರಬೇಕು ಹುಡುಗಿ. ಅವನ ಕಣ್ಣು ತುಂಬಿತು. ಮರದ ಬೇರಿನ ಮೇಲೆ ಹಾಗೇ ಕೂತುಬಿಟ್ಟ. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದಿತ್ತು.

"ನಮಗೆ ಆರು ಫೋಟೋ ಬಂದವು ಕಣಪ್ಪ," ಎಂದರು ಶ್ರೀರಂಗಮ್ಮ. "ಆರು ಊರಿನ ಆರು ಹುಡುಗಿಯರು, ಮುಖ ಮಾತ್ರ ಒಂದೇ. ಯಾವ ಊರಿಗೆ ಹೋದರೂ ನಿನ್ನಂಥ ಪುಣ್ಯಾತ್ಮರು ಇದ್ದೇ ಇರ್ತೀರಲ್ಲ! ಇದೊಂದರ ಹಿಂದೆ ಮಾತ್ರ ಹುಡುಗಿ ಇದ್ದಳು. ನಮ್ಮ ಸಂಪತ್ತು ಓದಿದವನೇ, ಅಮ್ಮ, ಇವಳನ್ನ ನೋಡೋಣ ಅಂದ. ಅದಕ್ಕೇ ಬಂದದ್ದು." ಆಮೇಲೆ ಸ್ವಲ್ಪ ಗದರಿ, "ಎಲ್ಲಾ ಸರಿ, ನೀನು ಆ ಕೆಲಸ ಯಾಕೆ ಮಾಡಿದೆ?" ಎಂದರು.

"ಅಭ್ಯಾಸ ತಾಯಿ. ಕೈ ತಾನೇ ಓಡ್ತು."

"ಕೈಗೆ ಕಣ್ಣು ಕೊಡು ಮಾರಾಯ. ಏಳು, ಕಾಫಿ ಬಂತು."

ಹಳೇಬೀಡಿನ ಆ ಕಾಫಿಯಷ್ಟು ರುಚಿಯಾದ ಕಾಫಿಯನ್ನು ಮರುಳಪ್ಪ ಆಮೇಲೆ ಎಲ್ಲೂ ಕುಡಿಯಲಿಲ್ಲವಂತೆ. ಅದರಲ್ಲಿ ಸಕ್ಕರೆಯೇ ಇರಲಿಲ್ಲ ಎನ್ನುವುದು ಬೇರೆ ಮಾತು. ಬಸ್ಸು ಬೇಲೂರಿನ ಹಾದಿ ಹಿಡಿದಾಗ ಅವನು ಕೋಳಿಯವನ ಜೊತೆಗೂ ನಗುನಗುತ್ತಾ ಕೂಗಿ ಮಾತಾಡುತ್ತಿದ್ದ.

ಹೆಣ್ಣು ನೋಡುವ ಶಾಸ್ತ್ರ ನಡೆಯಿತು. ಯದುಗಿರಿ ಬಂದು ನಮಸ್ಕಾರ ಮಾಡಿ ತಲೆ ಎತ್ತಿ ಕೂತಳು. ಸಂಪತ್ಕುಮಾರ್ ಒಂದೇ ಒಂದು ಪ್ರಶ್ನೆ ಕೇಳಿದ. "ಕಲ್ಯಾಣಿಯಲ್ಲಿ ಬಿದ್ದಾಗ ಈಜು ಬರ್ತಿತ್ತೇ?" ಬಿದ್ದದ್ದನ್ನು ಅವನಿಗೆ ಹೇಳಿದವನು ಮರುಳಪ್ಪನೇ, ಹಳೇಬೀಡಿನಲ್ಲಿ ಕಾಫಿ ಕುಡಿಯುವಾಗ. "ನೀರಿಗೆ ಬೀಳಲಿಲ್ಲ, ಮೆಟ್ಟಿಲಿಗೆ ಬಿದ್ದೆ. ಈಜಿಗೆ ಅವಕಾಶವೇ ಇರಲಿಲ್ಲ" ಎಂದಳು ಹುಡುಗಿ. ಇಬ್ಬರೂ ನಕ್ಕರು. ಯಜಮಾನರು ಎಚ್ಚರಗೊಂಡು, ಏನಾಯಿತೆಂದು ತಿಳಿಯದೆ ತಾವೂ ನಕ್ಕರು. ಉಪ್ಪಿಟ್ಟನ್ನು ಮಾತ್ರ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ವೀಳ್ಯದ ತಟ್ಟೆ ಕೈಬದಲಾಯಿತು.

ಶ್ರೀರಂಗಮ್ಮ, "ಹುಡುಗೀದು ಒಂದು ಫೋಟೋ ತೆಗಿ. ನಮ್ಮನೇಲಿ ಇಡೋಕೆ" ಎಂದರು. ಮರುಳಪ್ಪ ಅಂಗಳದಲ್ಲಿ ಸ್ಟೂಲು ಹಾಕಿಸಿದ. ಇಂಥ ಮುಖವಾದರೆ ಗೆರೆಯ ಭಾಗ ನೆರಳಿಗೆ ಬರುವಂತೆ ಕೂರಿಸುವುದು ಅವನ ಪದ್ಧತಿ. ಅವತ್ತು ಎಡಗೆನ್ನೆಯನ್ನೇ ಬೆಳಕಿಗೆ ತಿರುಗಿಸಿದ.

"ಪೆನ್ಸಿಲ್ ತಂದಿದೀರಾ?" ಎಂದಳು ಯದುಗಿರಿ, ಅವನಿಗೆ ಮಾತ್ರ ಕೇಳಿಸುವಂತೆ.

"ಇಲ್ಲ ಕಣವ್ವ. ತಪ್ಪಾತು."

"ನನ್ನ ಹತ್ತಿರ ಇದೆ ಬಿಡಿ" ಎಂದು ನಕ್ಕಳು. ಆ ನಗೆಗೇ ಮರುಳಪ್ಪ ಗುಂಡಿ ಒತ್ತಿದ.

ಬಂದವರು ಹೊರಟ ಮೇಲೂ ಮರುಳಪ್ಪ ಹೋಗಲಿಲ್ಲ. ಹೊರಡುವ ಮೊದಲು ಶ್ರೀರಂಗಮ್ಮನವರಿಂದ ಆ ಎರಡು ಫೋಟೋಗಳನ್ನು, ಹೊಸ ಫೋಟೋದ ಜೊತೆ ಅಂಚೆಯಲ್ಲಿ ಕಳಿಸುತ್ತೇನೆಂದು ಕೇಳಿ ಇಟ್ಟುಕೊಂಡಿದ್ದ. ಶುಭ ಕೆಲಸ ಸುಳ್ಳಿನ ಮೇಲೆ ನಿಲ್ಲಬಾರದು, ಹುಡುಗಿಯ ಅಪ್ಪನಿಗೂ ಹೇಳಿಬಿಡಬೇಕು ಎಂದು ಅವನ ಹಟ. ಜಗಲಿಯ ಮೇಲೆ ಗೋಪಾಲಸ್ವಾಮಿಗಳ ಮುಂದೆ ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟು ತಲೆ ತಗ್ಗಿಸಿ ನಿಂತ.

"ಸ್ವಾಮಿ, ನಾನು ಒಂದು ದೊಡ್ಡ ತಪ್ಪು ಮಾಡಿಬುಟ್ಟೆ. ನೀವೇ ನೋಡಿ."

ಗೋಪಾಲಸ್ವಾಮಿಗಳು ಕನ್ನಡಕ ಹಾಕಿಕೊಂಡರು. ಇದನ್ನು ನೋಡಿದರು, ಅದನ್ನು ನೋಡಿದರು. ಮತ್ತೆ ಇದನ್ನು. ಎರಡನ್ನೂ ಬೆಳಕಿಗೆ ಹಿಡಿದರು. ಒಳಬಾಗಿಲಲ್ಲಿ ಯದುಗಿರಿ ಬಂದು ನಿಂತದ್ದು ಮರುಳಪ್ಪನಿಗೆ ಕಾಣಿಸಿತು.

"ಏನು ತಪ್ಪಯ್ಯ?" ಎಂದರು ಗೋಪಾಲಸ್ವಾಮಿಗಳು, ನಿಜವಾಗಿಯೂ ಅರ್ಥವಾಗದೆ. "ಎರಡೂ ನಮ್ಮ ಯದುಗಿರೀನೇ ಅಲ್ವೇ? ಎರಡೂ ಒಂದೇ ಥರ ಇದಾವೆ."