ಮೂಲೆ ತುಂಬುವ ಕೆಲಸ

ದಾರ ಮೂರನೇ ಸಲ ಜಾರಿತು. ಮಾದಯ್ಯ ಗೆಳೆಯನ ಎರಡೂ ಹೆಬ್ಬೆರಳುಗಳನ್ನು ಜೋಡಿಸಿ ಮತ್ತೆ ಸುತ್ತಿದ. ತೀರಿಕೊಂಡವನ ಬಲಗೈ ಹೆಬ್ಬೆರಳು ಮೂವತ್ತೊಂದು ವರ್ಷ ಮೇಣ ಒತ್ತಿ ಒತ್ತಿ ಚಪ್ಪಟೆಯಾಗಿ ನುಣುಪಾಗಿತ್ತು, ಗಂಟು ನಿಲ್ಲುತ್ತಿರಲಿಲ್ಲ.

"ಇಡ್ಕೊ ಮೇನಕಾ," ಎಂದ. "ಈ ಬೆರಳೇ ತಾನೆ ನೀನು ಕಂಪ್ಯೂಟ್ರಿಗೆ ಆಕ್ಕೊಂಡಿದ್ದು?"

ಮೇನಕಾ ಅಪ್ಪನ ಬೆರಳು ಹಿಡಿದುಕೊಂಡಳು. ತಣ್ಣಗಿತ್ತು.

"ಸುಮ್ಕಿರಣ್ಣ," ಗೋಡೆಗೊರಗಿದ್ದ ಅವಳ ಅಮ್ಮ ಗಂಗಲಕ್ಷ್ಮಮ್ಮ ಅಂದಳು. "ಅವ್ರು ಇನ್ನೂ ಮನೇಲೇ ಅವ್ರೆ."

"ನಾನೇನ್ ಸುಳ್ಳೇಳಿದ್ನಾ? ಫೌಂಡ್ರಿಗೆಲ್ಲಾ ಗೊತ್ತು. ಅಪ್ಪನ ತಾವ ಕಲ್ತು ಅಪ್ಪನ್ನೇ ಆಚೆ ಆಕ್ಸಿದ್ಲು."

ಸೇಲಂನ ಆ ಫೌಂಡ್ರಿಯಲ್ಲಿ ಅವಳಪ್ಪ ವೆಂಕಟಾಚಲಂ ಪ್ಯಾಟರ್ನ್, ಎಂದರೆ ಮರದ ಮಾದರಿ, ಮಾಡುತ್ತಿದ್ದ. ಪಂಪಿನ ಭಾಗವನ್ನು ಮೊದಲು ಮರದಲ್ಲಿ ಕೆತ್ತಿ, ಆ ಮರವನ್ನು ಮರಳಿನಲ್ಲಿ ಒತ್ತಿ, ಬಿದ್ದ ಗುಳಿಯೊಳಕ್ಕೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ದುಂಡು ಕೊಳವೆ ಚಪ್ಪಟೆ ತಳಕ್ಕೆ ಕೂಡುವ ಕಡೆ ಮೂಲೆ ಚೂಪಾಗಿ ಉಳಿದರೆ ಕಬ್ಬಿಣ ಆರುವಾಗ ಅಲ್ಲೇ ಬಿರುಕು ಬಿಡುತ್ತದೆ. ಆ ಮೂಲೆಗೆ ಮೇಣ ತುಂಬಿ, ಒಂದು ಆಕಾರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯದ ಹಾಗೆ ಹೆಬ್ಬೆರಳಿನಿಂದ ತೀಡಬೇಕು. ಪೆನ್ನಾಗರಂ ಕಡೆ ಆಡು ಮೇಯಿಸುವುದನ್ನು ಬಿಟ್ಟು ಬಂದವನಿಗೆ ಗೊತ್ತಿದ್ದ ವಿದ್ಯೆ ಅದೊಂದೇ.

* * *

ಹೋದ ವರ್ಷ ಫೌಂಡ್ರಿಯ ಡಿಸೈನ್ ಸಾಫ್ಟ್‌ವೇರಿಗೆ ಹೊಸ ಸೌಲಭ್ಯ ಬಂತು. ಪರದೆಯ ಮೇಲೆ ಎರಡು ಆಕಾರ ಆರಿಸಿ 'ಬ್ಲೆಂಡ್' ಒತ್ತಿದರೆ ನಡುವಿನ ತಿರುವನ್ನು ಅದೇ ಕೂಡಿಸುತ್ತಿತ್ತು. ಅಲ್ಲೇ ಡ್ರಾಯಿಂಗ್ ಕೆಲಸದಲ್ಲಿದ್ದ ಮೇನಕಾ ಬೆರಗಾಗಿ ಅಪ್ಪನನ್ನು ಕರೆದಳು. ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟಾಗಿ ಬಂದ ತುಂಡನ್ನು ಅವನು ಕಣ್ಣು ಮುಚ್ಚಿ ಸವರಿದ.

"ನೋಡಾಕೆ ಚೆಂದಾಗೈತೆ. ಇಲ್ಲಿಗ್ ಬಂದು ತಟಕ್ನೆ ತಿರುಗ್ತೈತೆ. ಇಲ್ಲೇ ಸೀಳೋದು."

ಅವಳು ಕಂಪ್ಯೂಟರಿನಲ್ಲಿ ತಿರುವಿನ ಅಂಕಿ ಬದಲಿಸಿ ಮತ್ತೆ ತಂದಳು. ಮೂರು ತಿಂಗಳು ಊಟದ ಹೊತ್ತಿನಲ್ಲಿ ಇದೇ ನಡೆಯಿತು. ಒಂದು ದಿನ ಅವನು ಎರಡು ಸಲ ಸವರಿದ. ತಪ್ಪು ಸಿಗಲಿಲ್ಲ.

"ಇನ್ಮೇಲೆ ಇದೇ ಸಾಕಾ?"

"ಸಾಕಪ್ಪಾ!" ಎಂದಿದ್ದಳು ಮೇನಕಾ. ಎಷ್ಟು ಖುಷಿಯಿಂದ ಅಂದಿದ್ದಳು!

ಮುಂದಿನ ವಾರ ಅವನು ಕೆಲಸ ಬಿಟ್ಟ. ಮಂಡಿ ನೋವು, ನಾನೇ ಬಿಟ್ಟೆ ಎಂದ. ಆಮೇಲೆ ಕಲ್ಯಾಣ ಮಂಟಪವೊಂದರ ಮುಂದೆ ಸೀಟಿ ಊದುತ್ತ ಕಾರುಗಳಿಗೆ ಜಾಗ ತೋರಿಸಲು ನಿಂತ. ನಿನ್ನೆ ಬಿಸಿಲಿನಲ್ಲಿ ಬಿದ್ದದ್ದು ಅಲ್ಲೇ.

* * *

ಹತ್ತು ಗಂಟೆಗೆ ಫೌಂಡ್ರಿ ಮಾಲೀಕ ತಮಿಳ್‌ಸೆಲ್ವನ್ ಹಾರ ತಂದ. ಕೈಮುಗಿದು, ಮೇನಕಾಳ ಹತ್ತಿರ ಬಂದು ತಮಿಳಿನಲ್ಲೇ ತಗ್ಗಿದ ದನಿಯಲ್ಲಿ ಹೇಳಿದ.

"ನಿನಗೆ ಹೇಳಬೇಡಿ ಅಂದಿದ್ದರು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಇಟ್ಟುಕೊಳ್ಳೋಕಾಗುತ್ತೆ ಅಂದಾಗ, ನನ್ನನ್ನು ತೆಗೀರಿ, ಮಗಳು ಇರಲಿ ಅಂದರು. ದೊಡ್ಡ ಮನುಷ್ಯ."

ಮೇನಕಾ ಅಮ್ಮನ ಕಡೆ ನೋಡಿದಳು. ಗಂಗಲಕ್ಷ್ಮಮ್ಮ ಮುಖ ತಿರುಗಿಸಿಕೊಂಡಳು. ಅಮ್ಮನಿಗೆ ಮೊದಲೇ ಗೊತ್ತಿತ್ತು.

"ಹನ್ನೊಂದನೇ ದಿನ ಮುಗಿಸ್ಕೊಂಡು ಬರ್ತೀನಿ ಸಾರ್," ಎಂದಳು, ತಡವರಿಸುತ್ತ.

"ಅವಸರಂ ಇಲ್ಲೆಮ್ಮ." ಅವನು ಹಾರದ ನೀರು ಹತ್ತಿದ ಕೈ ಒರೆಸಿಕೊಂಡ. "ಡ್ರಾಯಿಂಗ್ ಎಲ್ಲಾ ಈಗ ಕೊಯಮತ್ತೂರಿನವರಿಗೆ ಕೊಟ್ಟಿದ್ದೇವೆ. ನೀನೇ ಸರಿ ಮಾಡಿಟ್ಟ ಅಂಕಿಗಳಿವೆಯಲ್ಲ, ಯಾರು ಒತ್ತಿದರೂ ಬರುತ್ತೆ. ಬೇಕಾದರೆ ಕರೀತೀನಿ."

ಕೂಗಬೇಕೆನಿಸಿತು. ಅಪ್ಪ ತನ್ನ ಜಾಗ ಬಿಟ್ಟುಕೊಟ್ಟದ್ದು ಎಂಟೇ ತಿಂಗಳಿಗಾ ಎಂದು ಕೇಳಬೇಕೆನಿಸಿತು. ಬಾಯಿಗೆ ಬಂದದ್ದು, "ಸರಿ ಸಾರ್."

"ಸೌದೆಗೆ ಯೋಚನೆ ಬೇಡ. ಸುಡುಗಾಡಿಗೇ ಟೆಂಪೊ ಕಳಿಸಿದೀನಿ."

ಪಕ್ಕದಲ್ಲಿ ನಿಂತಿದ್ದ ಮಾದಯ್ಯ ಎಲ್ಲ ಕೇಳಿಸಿಕೊಂಡಿದ್ದ. ಅವಳನ್ನು ನೋಡಲಾರದೆ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡ.

* * *

ಒಬ್ಬಳೇ ಮಗಳಾದ್ದರಿಂದ ಅವಳು ಸುಡುಗಾಡಿಗೆ ಹೊರಟಾಗ ಯಾರೂ ತಡೆಯಲಿಲ್ಲ. ಟೆಂಪೊ ಆಗಲೇ ಸೌದೆ ಸುರಿದು ಹೋಗಿತ್ತು. ಹತ್ತಿರ ಹೋದ ಮೇಲೆ ಕಂಡಿತು: ಅಪ್ಪ ಕೆತ್ತಿ ಕೆಂಪು ಬಣ್ಣ ಬಳಿದ ತೇಗದ ಪ್ಯಾಟರ್ನುಗಳು. ಬಸವನಹುಳುವಿನ ಚಿಪ್ಪಿನಂಥ ಪಂಪಿನ ಮೈ, ಬಾಗಿದ ಕೊಳವೆಗಳು, ಎಲೆ ಎಲೆಯಾಗಿ ಸುತ್ತಿದ ಚಕ್ರಗಳು. ಎಲ್ಲದರ ಆಕಾರವೂ ಕಂಪ್ಯೂಟರಿಗೆ ಹೋಗಿಯಾಗಿತ್ತು, ಮರ ಇನ್ನು ಫೌಂಡ್ರಿಗೆ ಬೇಕಿರಲಿಲ್ಲ.

"ಏನ್ ಮಾಡ್ಲಿ ತಾಯಿ," ಎಂದ ಮಾದಯ್ಯ. "ಬ್ಯಾರೆ ಸೌದೆ ತರಾಕೆ ಹೊತ್ತಿಲ್ಲ."

"ಜೋಡ್ಸಿ ಮಾವ."

ಗಂಡಸರು ಜೋಡಿಸತೊಡಗಿದರು. ಒಂದರ ಮೇಲೊಂದು ಇಟ್ಟದ್ದು ಉರುಳಿ ಕೆಳಗೆ ಬಂತು. ಮತ್ತೆ ಇಟ್ಟರು, ಮತ್ತೆ ಉರುಳಿತು.

"ಒಂದುಕ್ಕೂ ಒಂದ್ ಮೂಲೆ ಇಲ್ವಲ್ಲೋ," ಎಂದು ಯಾರೋ ಗೊಣಗಿದರು.

ಹೇಗೋ ನಿಲ್ಲಿಸಿ ಹೆಣವನ್ನು ಮೇಲಿಟ್ಟಾಗ ಚಿತೆ ಒಂದು ಕಡೆಗೆ ಸರಿಯಿತು. ವೆಂಕಟಾಚಲಂನ ತಲೆ ವಾಲಿತು. ಮೇನಕಾ ಓಡಿಹೋಗಿ ಜಾರುತ್ತಿದ್ದ ಮರಗಳಿಗೆ ಬೆನ್ನು ಕೊಟ್ಟು, ಕಾಲು ಮಣ್ಣಿಗೆ ಊರಿ ನಿಂತಳು. ಮಾದಯ್ಯ ಆನಿಸಲು ಕಲ್ಲು ಹುಡುಕಿಕೊಂಡು ಹೋದ.