ಮೊದಲ ಟ್ರೇ ದೇವರಿಗೆ

ಚಿಕ್ಕಮ್ಮನ ಬೇಕರಿಯಲ್ಲಿ ಒಂದೇ ಒಂದು ಕಾನೂನು. ಭಟ್ಟಿಯಿಂದ ಇಳಿದ ಮೊದಲ ಟ್ರೇ ಬ್ರೆಡ್ಡು ಅಂಗಡಿಗೆ ಬರಕೂಡದು, ಹಿಂದಿನ ಬೀದಿಯ ವೃದ್ಧಾಶ್ರಮಕ್ಕೆ ಹೋಗಬೇಕು.

"ಮೊದಲನೇದು ದೇವರದ್ದು ಕಣೋ. ಮಿಕ್ಕಿದ್ದು ಕೊಡೋಕೆ ದೇವರೇನು ಭಿಕ್ಷುಕನಾ?" ಎನ್ನುತ್ತಿದ್ದಳು. ನಾನು ಬುಟ್ಟಿಗೆ ಜೋಡಿಸಿಟ್ಟ ಬ್ರೆಡ್ಡಿಗೆ ಬಿಳಿ ಬಟ್ಟೆ ಮುಚ್ಚಿ, ಸ್ತೋತ್ರ ಗುನುಗುತ್ತ ಹೊರಡುತ್ತಿದ್ದಳು. ಅಲ್ಲಿಯವರ ಬೆಳಗಿನ ಪ್ರಾರ್ಥನೆಗೆ ಮೊದಲೇ ತಲುಪಬೇಕು ಎಂಬುದು ಅವಳ ಹಟ.

ಅವಳಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಿತ್ತು. ಭಟ್ಟಿಯ ಮುಂದೆ ನಿಲ್ಲುವವನು ನಾನು. ಸೌದೆ ಉರಿಸಿ ಕೆಂಡ ಎಳೆದ ಕೂಡಲೇ ಭಟ್ಟಿಯ ನೆಲ ನಿಗಿನಿಗಿ ಕಾದಿರುತ್ತದೆ. ಮೊದಲ ಟ್ರೇಯ ತಳ ಸೀದು ಕರ್ರಗಾಗುತ್ತದೆ. ಎರಡನೆಯದರ ತಳ ಬರೀ ಗಟ್ಟಿ. ಮೂರನೆಯದು, ಅಂದರೆ ಕೊನೆಯದು, ಬಂಗಾರ. ಮೂರು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ. ಬಂಗಾರ ಅಂಗಡಿಯಲ್ಲೇ ಉಳಿಯುತ್ತಿತ್ತಲ್ಲ, ಬಾಯಿ ಯಾಕೆ ಬಿಡಲಿ?

ಆ ಶನಿವಾರ ದೊಡ್ಡ ಹೋಟೆಲೊಂದರ ಮ್ಯಾನೇಜರ್ ರುಚಿ ನೋಡಲು ಬರುವವನಿದ್ದ. ಅವನು ಒಪ್ಪಿದರೆ ದಿನಕ್ಕೆ ಇನ್ನೂರು ಬ್ರೆಡ್ಡು, ನನಗೆ ಬೇಕರಿಯಲ್ಲಿ ಅರ್ಧ ಪಾಲು. ಚಿಕ್ಕಮ್ಮ ಮಾತು ಕೊಟ್ಟಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇನ್ಯಾರು ಪಾಲು ಕೊಡುತ್ತಾರೆ?

ಶುಕ್ರವಾರ ಚಿಕ್ಕಮ್ಮನ ಕಾಲು ಉಳುಕಿತು. ಬುಟ್ಟಿ ನನ್ನ ತಲೆಗೆ ಬಂತು. ಗೊಣಗುತ್ತ ಹೋದೆ.

ಉದ್ದನೆಯ ಕೋಣೆ, ಹದಿನಾಲ್ಕು ಕಬ್ಬಿಣದ ಮಂಚ, ನಡುವೆ ಊಟದ ಮೇಜು. ಕಿಟಕಿಯ ಹೊರಗೆ ಕಾಗೆಗಳ ದೊಡ್ಡ ಸಂಸಾರ. ಮುದುಕರೆಲ್ಲ ಬ್ರೆಡ್ಡಿನ ತಳ ಕಿತ್ತು ಕಿಟಕಿಯಾಚೆ ಎಸೆದು, ಮೇಲಿನದನ್ನು ಚಹಾದಲ್ಲಿ ಅದ್ದತೊಡಗಿದರು. ಎಷ್ಟು ಸಲೀಸಾಗಿ ಕಿತ್ತರೆಂದರೆ, ಅದು ಬಾಳೆಹಣ್ಣಿನ ಸಿಪ್ಪೆಯೇನೋ ಅನ್ನಬೇಕು.

ನಲವತ್ತು ವರ್ಷ ಬೇಕರಿಯಲ್ಲೇ ದುಡಿದಿದ್ದ ಒಬ್ಬ ಅಜ್ಜ ಅಲ್ಲಿದ್ದ. ಎಲ್ಲರೂ ಅವನನ್ನು ಭಟ್ಟಿ ಅಜ್ಜ ಎನ್ನುತ್ತಿದ್ದರು. ಅವನು ನನ್ನನ್ನು ಕರೆದ.

"ನಿಮ್ಮ ಚಿಕ್ಕಮ್ಮ ದೇವರಂಥವಳು. ಅವಳ ಮುಖ ನೋಡ್ಕೊಂಡು ಸುಮ್ನಿದ್ದೀವಿ. ಭಟ್ಟಿ ಮುಂದೆ ನಿಲ್ಲೋ ಕತ್ತೆ ಯಾವುದು?"

"ನಾನೇ ಅಜ್ಜ."

"ಹಾಗಾದ್ರೆ ಕೂತ್ಕೋ ಕತ್ತೆ, ಚಹಾ ಕುಡಿ."

ಪಕ್ಕದ ಮಂಚದ ಅಜ್ಜಿ, "ಅವನನ್ನ ಬೈಬೇಡ್ರೀ. ಅವನಿಂದಲೇ ನಮ್ಮ ಕಾಗೆಗಳು ಎಷ್ಟು ದುಂಡಗಾಗಿವೆ ನೋಡಿ" ಎಂದಳು.

ಎಲ್ಲರೂ ಬೊಚ್ಚುಬಾಯಿ ತೆರೆದು ನಕ್ಕರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ನಕ್ಕವರನ್ನು ಏನು ಮಾಡುವುದು? ಚಹಾ ಅರ್ಧಕ್ಕೇ ಬಿಟ್ಟು ಖಾಲಿ ಬುಟ್ಟಿ ಎತ್ತಿಕೊಂಡು ಹೊರಟೆ.

ಬೇಕರಿಗೆ ಬಂದು ಚಿಕ್ಕಮ್ಮನಿಗೆ ಎಲ್ಲ ಒದರಿಬಿಟ್ಟೆ. ಅವಳು ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತಳು.

"ಮೂರು ವರ್ಷ ದೇವರಿಗೆ ಸೀದದ್ದು ಕೊಟ್ಟು, ಮೇಲೆ ಸ್ತೋತ್ರ ಬೇರೆ ಹಾಡಿದೆನಾ?"

"ಇನ್ನೇನು ಮತ್ತೆ."

"ನಿನಗೆ ಗೊತ್ತಿತ್ತಾ?"

ನಾನು ಟ್ರೇ ಒರೆಸತೊಡಗಿದೆ.

"ನಾಳೆಯಿಂದ ಮೂರನೇ ಟ್ರೇ ಅವರಿಗೆ" ಅಂದಳು.

"ನಾಳೆ ಮ್ಯಾನೇಜರ್ ಬರ್ತಾನೆ ಚಿಕ್ಕಮ್ಮ. ಒಂದೇ ಒಂದು ದಿನ ತಡಿ."

"ಅವನಿಗೆ ಹಲ್ಲಿದೆ, ಅವರಿಗಿಲ್ಲ. ಆದ್ರೂ ಕಾಲು ಕುಂಟ್ಕೊಂಡು ನಿನ್ನ ಕಾವಲು ಕಾಯೋಕೆ ನನ್ನ ಕೈಲಾಗಲ್ಲ. ಟ್ರೇ ಎತ್ತೋ ಕೈ ನಿನ್ನದು. ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು."

ಇದು ಅವಳ ಕುತಂತ್ರ. ಬೇಡ ಅಂದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಶನಿವಾರ ಮ್ಯಾನೇಜರ್ ಟೈ ಸರಿಪಡಿಸಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತಿದ್ದ. ಮೂರನೇ ಟ್ರೇ ಇಳಿಯಿತು. ವಾಸನೆಗೇ ಅವನು ಎದ್ದು ಬಂದ. "ಇದನ್ನ ಕೊಡಪ್ಪ."

ಟ್ರೇ ನನ್ನ ಕೈಯಲ್ಲೇ ಇತ್ತು. ಬೊಚ್ಚುಬಾಯಿಗಳು ಕಣ್ಮುಂದೆ ಬಂದವು. ದರಿದ್ರ ಬಾಯಿಗಳು, ಅವತ್ತೇ ಬರಬೇಕಿತ್ತಾ?

"ಇದು ಬೇರೆಯವರದ್ದು ಸಾರ್, ತಲೆಗೊಂದರಂತೆ ಎಣಿಸಿ ಹದಿನಾಲ್ಕೇ ಇರೋದು. ನಿಮ್ಮದು ಆ ಎರಡನೇ ಟ್ರೇ."

"ಯಾರಪ್ಪ ಅಂಥ ದೊಡ್ಡ ಮನುಷ್ಯರು?"

"ಹಲ್ಲಿಲ್ಲದವರು ಸಾರ್."

ಅವನು ಎರಡನೇ ಟ್ರೇಯದ್ದನ್ನು ಕಚ್ಚಿದ, ಅಗಿದ, ಇನ್ನೂ ಅಗಿದ. "ತಳ ಗಟ್ಟಿ. ಇದು ನಮಗೆ ಆಗಲ್ಲ" ಎಂದು ಹೋಗೇಬಿಟ್ಟ. ಅರ್ಧ ಪಾಲು ಅವನ ಕಾರಿನ ಹಿಂದೆಯೇ ಹೋಯಿತು. ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿ, ಸಿಕ್ಕಸಿಕ್ಕವರಿಗೆಲ್ಲ ಬೆಲ್ಲು ಬಾರಿಸುತ್ತ ತುಳಿದೆ.

ಆ ದಿನ ಕೋಣೆಯಲ್ಲಿ ಯಾರೂ ತಳ ಕೀಳಲಿಲ್ಲ. ಮೇಜಿನ ಮೇಲೆ ಚೂರು ಉಳಿಯಲಿಲ್ಲ. ಹೊರಗೆ ಕಾಗೆಗಳು ಮಾತ್ರ ಗಲಾಟೆ ಎಬ್ಬಿಸಿದ್ದವು.

"ಬ್ರೆಡ್ಡು ಸರಿಯಾಗಿದೆ, ನಿನ್ನ ಮುಖ ಯಾಕೆ ಸೀದಿದೆ?" ಭಟ್ಟಿ ಅಜ್ಜ ಕೇಳಿದ. ಹೇಳಿದೆ.

"ಅಲ್ವೋ, ಕೆಂಡ ಎಳೆದ ಮೇಲೆ ಒದ್ದೆ ಗೋಣಿಯಿಂದ ನೆಲ ಒರೆಸಿ, ಬಾಗಿಲು ಮುಚ್ಚಿ ಅರ್ಧ ಗಂಟೆ ಬಿಡ್ತೀಯಾ?"

"ಎಲ್ಲಿ ಅಜ್ಜ, ನಿಮ್ಮ ಪ್ರಾರ್ಥನೆಗೆ ಹೊತ್ತಾಗುತ್ತೆ ಅಂತ ಚಿಕ್ಕಮ್ಮ ಕುದೀತಾಳೆ."

"ನಮ್ಮ ಪ್ರಾರ್ಥನೆ ಏನು ರೈಲಾ, ಬಿಟ್ಟು ಹೋಗೋಕೆ? ಸೋಮವಾರ ನನ್ನನ್ನ ಕರ್ಕೊಂಡು ಹೋಗು. ಮೂರೂ ಟ್ರೇ ಒಂದೇ ಥರ ಇಳಿಸಿ ತೋರಿಸ್ತೀನಿ. ಆಮೇಲೆ ಆ ಟೈನವನಿಗೆ ಹೇಳಿ ಕಳಿಸು."

"ಈ ವಯಸ್ಸಲ್ಲಿ ನಿಮಗ್ಯಾಕೆ ತೊಂದರೆ?"

ಅಜ್ಜನಿಗೆ ಸಿಟ್ಟು ಬಂತು. ನನ್ನದಕ್ಕಿಂತ ದೊಡ್ಡ ಸಿಟ್ಟು. "ಮೂರು ವರ್ಷದಿಂದ ಬರೀ ತಗೊಂಡೇ ಕೂತಿದ್ದೀನಿ. ಕೊಡೋದನ್ನೇನು ನಿಮ್ಮ ಮನೆಯವರೇ ಗುತ್ತಿಗೆ ಹಿಡಿದಿದ್ದೀರಾ?"

"ಕರ್ಕೊಂಡು ಹೋಗಪ್ಪ, ಪುಣ್ಯ ಬರುತ್ತೆ. ಇಲ್ಲಿ ನಮ್ಮ ತಲೆ ತಿಂತಾ ಇದ್ದಾನೆ" ಎಂದಳು ಅಜ್ಜಿ.

ಸೋಮವಾರ ಅಜ್ಜ ಹೆಗಲ ಮೇಲೆ ಗೋಣಿ ಹಾಕಿಕೊಂಡು ಸೈಕಲ್ಲಿನ ಹಿಂದೆ ಕೂತ. ದಾರಿಯುದ್ದಕ್ಕೂ ನನ್ನ ಸೈಕಲ್ಲು, ನನ್ನ ಕೈ, ನನ್ನ ಬುದ್ಧಿ ಎಲ್ಲವನ್ನೂ ಬೈದ. ನಾನೂ ಬಿಡಲಿಲ್ಲ. ಬೇಕರಿಯ ಬಾಗಿಲಲ್ಲಿ ಕುಂಟುಗಾಲಲ್ಲೇ ನಿಂತಿದ್ದ ಚಿಕ್ಕಮ್ಮ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

"ಜಗಳ ಆಮೇಲೆ ಆಡಿ, ಮೊದಲು ಕೈ ತೊಳ್ಕೊಳ್ಳಿ" ಅಂದಳು.